ಒಂಬತ್ತು ನಿಮಿಷದ ಬೆನ್ನು

ನನ್ನ ನಾಲಿಗೆ ಚೂರಿ ಎಂದು ನಮ್ಮ ಅತ್ತೆ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಬದುಕಿದ್ದಷ್ಟು ದಿನ ಅವರು ನನ್ನ ಬಗ್ಗೆ ಆಡಿದ ಮಾತುಗಳಲ್ಲಿ ನಿಜವಾದದ್ದು ಇದೊಂದೇ. ಆದರೆ ಒಂದು ಮಾತು ನನ್ನ ಕಡೆಯಿಂದಲೂ ಹೇಳಬೇಕು. ನಾನು ಗಂಡನಿಗೆ ಒಮ್ಮೆಯೂ ಏಕವಚನದಲ್ಲಿ ಬೈದವಳಲ್ಲ. ನಲವತ್ತು ವರ್ಷ ಬೈದದ್ದೆಲ್ಲ 'ರೀ' ಹಚ್ಚಿಯೇ, ಮರ್ಯಾದೆಯಿಂದಲೇ.

ನನ್ನ ಗಂಡ ವಿಜಾಪುರದ ಕಡೆಯವರು. ಪುಣೆಗೆ ಬಂದು ಭೋಸರಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿ ನಟ್ಟು ಬೋಲ್ಟು ಎಣಿಸುತ್ತಲೇ ನಿವೃತ್ತರಾದರು. ಕುಡಿತವಿಲ್ಲ, ಜೂಜಿಲ್ಲ, ಇದ್ದದ್ದು ನಾಟಕದ ಹುಚ್ಚೊಂದೇ. ನಮ್ಮ ಕನ್ನಡ ಸಂಘದ ವಾರ್ಷಿಕ ನಾಟಕದಲ್ಲಿ ಪ್ರತಿ ವರ್ಷವೂ ಅವರೇ ರಾಜ. ಕೂದಲು ಉದುರಿದ ಮೇಲೆ ರಾಜನ ಅಪ್ಪ. ತಿಂಗಳುಗಟ್ಟಲೆ ಬಚ್ಚಲುಮನೆಯಲ್ಲಿ ಸಂಭಾಷಣೆ ಒದರುತ್ತಿದ್ದರು. ಮೇಲಿನ ಮನೆಯ ಮರಾಠಿ ಹೆಂಗಸು ಒಂದು ಸಲ ಕೆಳಗಿಳಿದು ಬಂದು, "ಅಹೋ ವಹಿನಿ, ಯಜಮಾನರಿಗೆ ಆರಾಮಿಲ್ಲವೇ?" ಎಂದು ಕೇಳಿ ಹೋದಳು.

ನಾಟಕ ಮುಗಿಸಿ ರಿಕ್ಷಾದಲ್ಲಿ ಮನೆಗೆ ಬರುವಾಗ, ಕಿವಿಯ ಹಿಂದಿನ ಬಣ್ಣ ಇನ್ನೂ ಹೋಗಿರುತ್ತಿರಲಿಲ್ಲ, ಅವರು ಪ್ರತಿ ವರ್ಷ ಅದೇ ಒಂದು ಪ್ರಶ್ನೆ ಕೇಳುತ್ತಿದ್ದರು. "ಹೆಂಗಾತು?" ನಾನು ಒಂದು ವರ್ಷ, "ಮೈಕು ಛಲೋ ಇತ್ತು" ಎಂದೆ. ಇನ್ನೊಂದು ವರ್ಷ, "ಸತ್ತ ಮ್ಯಾಲೆ ಭಾಳ ಛಲೋ ಮಾಡಿದ್ರಿ. ಒಟ್ಟ ಅಲುಗಾಡಲಿಲ್ಲ" ಎಂದೆ. ರಿಕ್ಷಾದಲ್ಲಿದ್ದ ನಮ್ಮ ಮಗಳು ಹೊಟ್ಟೆ ಹಿಡಿದು ನಕ್ಕಳು. ಅವರೂ ನಕ್ಕರು. ಆದರೂ ಮುಂದಿನ ವರ್ಷ ಮತ್ತೆ ಕೇಳಿದರು. ಅವರಿಗೆ ನನ್ನ ಬಾಯಿಂದ ಒಂದು ಒಳ್ಳೆಯ ಮಾತು ಬೇಕಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ಕೊಡಲಿಲ್ಲ. ಯಾಕೆ ಎಂದರೆ, ಕೊಟ್ಟರೆ ತಲೆಯ ಮೇಲೆ ಕೂರುತ್ತಾರೆ ಎಂದು ನನ್ನ ತಾಯಿ ಹೇಳಿದ್ದಳು.

ಹೋದ ವರ್ಷ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಸುದ್ದಿ ಬಂತು. ಐತಿಹಾಸಿಕ ಸಿನಿಮಾಕ್ಕೆ ವಯಸ್ಸಾದ ಗಂಡಸರು ಬೇಕು. ಕನ್ನಡ, ಮರಾಠಿ ಎರಡೂ ಬರಬೇಕು. ನೆಲದ ಮೇಲೆ ಗಂಟೆಗಟ್ಟಲೆ ಕೂರುವ ಶಕ್ತಿ ಇರಬೇಕು. ನಮ್ಮ ಸಂಘದ ಗಂಡಸರ ಮೊಣಕಾಲಿನ ಸ್ಥಿತಿಗೆ ಆ ಕೊನೆಯ ಷರತ್ತಿನಲ್ಲೇ ಮುಕ್ಕಾಲು ಮಂದಿ ಉದುರಿದರು. ಇವರು ನನಗೆ ಹೇಳದೆ ಕೇಳದೆ ಹೋಗಿ ಆಯ್ಕೆಯಾಗಿ ಬಂದರು. ನಿರ್ದೇಶಕಿ ಚಿಕ್ಕ ವಯಸ್ಸಿನ ಮರಾಠಿ ಹುಡುಗಿ. ಇಂದಾಪುರದ ಕಡೆಯ ಯಾವುದೋ ಹಳೆಯ ವಾಡೆಯಲ್ಲಿ, ಸರದಾರರ ಮನೆಯಂತೆ, ಶೂಟಿಂಗ್. ಇವರು ಸರಕಾರಿ ಎಸ್ಟಿ ಬಸ್ಸಿನಲ್ಲಿ ಹೋಗಿ ಮೂರು ವಾರ ಅಲ್ಲೇ ಇದ್ದು, ಬಿಸಿಲಿಗೆ ಕಪ್ಪಾಗಿ ತಿರುಗಿ ಬಂದರು.

"ಡೈಲಾಗ್ ಎಷ್ಟು?" ಎಂದು ಕೇಳಿದೆ.

"ಡೈಲಾಗ್ ಇಲ್ಲ. ಆದ್ರ ಒಂದು ಸೀನ್ ಪೂರಾ ನಂದ ಅದ. ಒಂಬತ್ತು ನಿಮಿಷ," ಎಂದರು. ಹೇಳುವಾಗ ಎದೆ ಎರಡು ಇಂಚು ಉಬ್ಬಿತ್ತು.

ಸಿನಿಮಾ ಬಿಡುಗಡೆಯಾದ ಮೊದಲ ಭಾನುವಾರ ನಮ್ಮ ಸಂಘದವರು ಮಾಲ್ ಒಂದರ ಥಿಯೇಟರಿನಲ್ಲಿ ಮೂರು ಸಾಲು ಸೀಟು ಹಿಡಿದರು. ನಮ್ಮ ಮಂದಿಯ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ: ಕೆಲಸ ಹೇಗಾಯಿತು ಎಂದು ನೋಡುವ ಮೊದಲೇ ಸನ್ಮಾನ ಮಾಡಿ ಮುಗಿಸಿಬಿಡುತ್ತಾರೆ. ಸಿನಿಮಾಕ್ಕೂ ಹಾಗೇ ಮಾಡಿದರು. ಪಾಪ್‌ಕಾರ್ನ್ ಮಾರುವ ಕಟ್ಟೆಯ ಮುಂದೆ ನನ್ನ ಗಂಡನನ್ನು ನಿಲ್ಲಿಸಿ ಶಾಲು ಹೊದಿಸಿ, ಗುಲಾಬಿ ಹಾರ ಹಾಕಿ, ಕೈಗೆ ತೆಂಗಿನಕಾಯಿ ಕೊಟ್ಟು, ಅಧ್ಯಕ್ಷರು ಭಾಷಣ ಮಾಡಿದರು. "ಇವತ್ತು ನಾವು ನೋಡಲಿರುವ ಅಮೋಘ ಅಭಿನಯ" ಎಂದರು. ಥಿಯೇಟರಿನವರು ತೆಂಗಿನಕಾಯಿ ಒಳಗೆ ಬಿಡಲಿಲ್ಲ, ಅದನ್ನು ಬಾಗಿಲಲ್ಲೇ ಇಡಿಸಿಕೊಂಡರು. ಹಾರವನ್ನು ಇವರು ತೊಡೆಯ ಮೇಲೆ ಇಟ್ಟುಕೊಂಡು ನನ್ನ ಪಕ್ಕದಲ್ಲಿ ಕುಳಿತರು.

ಅಯ್ಯೋ, ಎಂಥ ಸಿನಿಮಾ ಅದು! ಅಷ್ಟು ಅಗಲದ ಪರದೆಯ ನಡುವೆ ಚಿತ್ರ ಮಾತ್ರ ಚೌಕಾಗಿ, ಎರಡೂ ಬದಿ ಬರೀ ಕಪ್ಪು. ಪರದೆ ಪೂರ್ತಿ ತೆರೆದಿಲ್ಲ ಎಂದುಕೊಂಡು ಸಂಘದ ಖಜಾಂಚಿ ಎದ್ದು ಹೋಗಿ ಥಿಯೇಟರಿನವರ ಜೊತೆ ಜಗಳ ಮಾಡಿ ಬಂದರು. ಕಥೆ ಒಂದು ಸಣ್ಣ ಸಂಸ್ಥಾನದ್ದು. ರಾಜ ಸತ್ತಿದ್ದಾನೆ, ಮಕ್ಕಳಿಲ್ಲ. ದಿವಾನ ತನ್ನ ಕಡೆಯ ಹುಡುಗನನ್ನು ದತ್ತು ಎಂದು ತಂದು ಗಾದಿಯ ಮೇಲೆ ಕೂರಿಸಲು ಹೊರಟಿದ್ದಾನೆ. ಸತ್ತ ರಾಜ ಬರೆಸಿಟ್ಟ ಕಾಗದ ಬೇರೆಯದೇ ಹೇಳುತ್ತದೆ ಎಂಬುದು ಒಬ್ಬ ಮುದಿ ಕಾರಕೂನನಿಗೆ ಮಾತ್ರ ಗೊತ್ತು. ಆ ಕಾರಕೂನ ನನ್ನ ಗಂಡ. ಯುದ್ಧವಿಲ್ಲ, ಹಾಡಿಲ್ಲ. ಇಡೀ ಚಿತ್ರಕ್ಕೆ ಕುದುರೆ ಒಂದೇ, ಅದೂ ನಿಂತೇ ಇರುತ್ತದೆ. ವಿಧವೆ ರಾಣಿ ಐದು ನಿಮಿಷ ಅನ್ನ ಉಣ್ಣುತ್ತಾಳೆ. ಉಣ್ಣುವುದನ್ನು ನೋಡಬೇಕಿದ್ದರೆ ಮನೆಯಲ್ಲೇ ಇರುತ್ತಿದ್ದೆನಲ್ಲ ಎಂದು ಹಿಂದಿನ ಸಾಲಿನಿಂದ ಯಾರೋ ಗೊಣಗಿದರು.

ಆಮೇಲೆ ನಮ್ಮವರ ಸೀನ್ ಬಂತು. ಕಾರಕೂನ ಗೋಡೆಯ ಗೂಡಿನ ಕಡೆ ಮುಖ ಮಾಡಿ ನಿಂತಿದ್ದಾನೆ. ಗೂಡಿನಲ್ಲಿ ಮಸಿಯ ದೌತಿ, ಬರೆಯುವ ಲೆಕ್ಕಣಿಕೆ. ದಿವಾನನ ದನಿ ಮಾತ್ರ ಕೇಳುತ್ತದೆ, ಅವನು ಕಾಣುವುದಿಲ್ಲ. ದನಿ ಏರದೆ, ಅವಸರವಿಲ್ಲದೆ, ಈ ಮುದುಕ ಯಾವುದಕ್ಕೂ ಬಾರದವನೆಂದು ಒಂದೊಂದಾಗಿ ಹೇಳಿ ಕೆಲಸದಿಂದ ತೆಗೆಯುತ್ತದೆ. ಸಂಘದವರು ಸಿಳ್ಳೆ ಹೊಡೆದರು. ಇನ್ನೇನು ತಿರುಗುತ್ತಾರೆ, ಮುಖ ಕಾಣುತ್ತದೆ, ಆಗ ಚಪ್ಪಾಳೆ ಹೊಡೆಯಬೇಕು ಎಂದು ಎಲ್ಲರೂ ಕೈ ಎತ್ತಿ ಕುಳಿತರು. ಒಂದು ನಿಮಿಷವಾಯಿತು, ಮೂರಾಯಿತು, ಐದಾಯಿತು. ಬೆನ್ನೇ. ಬರೀ ಬೆನ್ನು, ಕುತ್ತಿಗೆ, ಪೇಟದ ತುದಿ. ಎತ್ತಿದ ಕೈಗಳು ಒಂದೊಂದಾಗಿ ಕೆಳಗಿಳಿದವು.

ಪಕ್ಕದಲ್ಲಿ ಇವರು, "ಮುಂದಿಂದನೂ ತಗೋತಾರ ಅಂತ ತಿಳಕೊಂಡಿದ್ದೆ," ಎಂದು ಪಿಸುಗುಟ್ಟಿದರು. ಅಂದರೆ ಇವರಿಗೂ ಗೊತ್ತಿರಲಿಲ್ಲ. ಹೋಗುವ ಮುಂಚೆ ಕನ್ನಡಿಯ ಮುಂದೆ ನಿಂತು ಹುಬ್ಬು ಕುಣಿಸಿ, ಕಣ್ಣೀರು ತಂದುಕೊಂಡು ತಾಲೀಮು ಮಾಡಿದ್ದೆಲ್ಲ ಗೋಡೆಗೆ ಅರ್ಪಣೆಯಾಗಿತ್ತು. ನನಗೆ ತಡೆಯಲಾಗಲಿಲ್ಲ. ಮೂರು ಸಾಲಿಗೂ ಕೇಳುವಂತೆ ಅಂದುಬಿಟ್ಟೆ: "ಅಧ್ಯಕ್ಷರ, ಹಾರಾ ಹಿಂದ ಹಾಕಬೇಕಿತ್ತು ನೋಡ್ರಿ. ತಪ್ಪಿ ಮುಂದ ಹಾಕಿಬಿಟ್ರಿ!"

ಥಿಯೇಟರ್ ಹಾರಿಹೋಗುವಂತೆ ನಕ್ಕರು. ನಮ್ಮವರಲ್ಲದ ಮರಾಠಿ ಮಂದಿ 'ಶೂ ಶೂ' ಎಂದರೂ ನಿಲ್ಲಲಿಲ್ಲ. ನಾನೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕೆ. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನನಗೆ ಬಹಳ ಖುಷಿಯಾಗಿತ್ತು. ಇಷ್ಟು ವರ್ಷದಲ್ಲಿ ಸಂಘದವರು ಅವರ ಯಾವ ಸಂಭಾಷಣೆಗೂ ಹೀಗೆ ಕುಣಿದಿರಲಿಲ್ಲ, ನನ್ನ ಒಂದು ಮಾತಿಗೆ ಕುಣಿದರು.

ಆ ದಿನ ರಿಕ್ಷಾದಲ್ಲಿ ಅವರು ಏನೂ ಕೇಳಲಿಲ್ಲ.

ಮುಂದಿನ ವಾರ ಸಂಘದಲ್ಲಿ ಅದೇ ಆಟ ನಡೆಯಿತು. ಇವರು ಒಳಗೆ ಹೋದರೆ, "ಸಾಹೇಬ್ರ, ಸ್ವಲ್ಪ ಆ ಕಡೆ ತಿರುಗ್ರಿ, ಗುರ್ತ ಹತ್ತವಲ್ದು," ಎನ್ನುವುದು. ವಾಟ್ಸಾಪ್ ಗುಂಪಿನಲ್ಲಿ ಯಾರೋ ಎಮ್ಮೆಯ ಬೆನ್ನಿನ ಫೋಟೋ ಹಾಕಿ 'ನಮ್ಮ ಹೀರೋ' ಎಂದು ಬರೆದರು. ಅದಕ್ಕೆ ಕೈಮುಗಿದ ಚಿಹ್ನೆ ಹಾಕಿ ಇವರು ಗುಂಪಿನಿಂದ ಹೊರಬಂದರು. ಆ ವರ್ಷದ ನಾಟಕಕ್ಕೆ ಬರುವುದಿಲ್ಲ ಎಂದು ಹೇಳಿ ಕಳಿಸಿದರು. ಬಚ್ಚಲುಮನೆಯಿಂದ ನೀರು ಬೀಳುವ ಸಪ್ಪಳ ಬಿಟ್ಟರೆ ಬೇರೆ ಏನೂ ಕೇಳಿಸುತ್ತಿರಲಿಲ್ಲ. ಮೊದಲ ಎರಡು ದಿನ ನನಗೆ, ಅಬ್ಬಾ, ಪೀಡೆ ತೊಲಗಿತು ಎನಿಸಿತು. ಮೂರನೆಯ ವಾರದ ಹೊತ್ತಿಗೆ ಬಾಗಿಲಿಗೆ ಕಿವಿಗೊಟ್ಟು ನಿಲ್ಲತೊಡಗಿದ್ದೆ.

ಒಂದು ಬೆಳಿಗ್ಗೆ ಇವರು ಕಾಯಿಪಲ್ಯ ತರಲು ಹೋಗಿದ್ದಾಗ ಇವರ ಫೋನ್ ಹೊಡೆದುಕೊಂಡಿತು. ಎತ್ತಿದರೆ ನಿರ್ದೇಶಕಿ. ಮರಾಠಿಯಲ್ಲಿ, "ಕಾಕೂ, ಕಾಕಾ ಏನು ನಿಶ್ಚಯ ಮಾಡಿದರು?" ಎಂದಳು. ಮುಂದಿನ ಸಿನಿಮಾದಲ್ಲಿ ಇವರಿಗೆ ದೊಡ್ಡ ಪಾತ್ರ ಇದೆಯಂತೆ, ಈ ಸಲ ಮುಖವೂ ಉಂಟು, ಮಾತೂ ಉಂಟು. ಹತ್ತು ದಿನದ ಹಿಂದೆಯೇ ಕೇಳಿದ್ದಳಂತೆ. ಸೋಮವಾರದೊಳಗೆ ಹೂಂ ಅನ್ನದಿದ್ದರೆ ಬೇರೆಯವರನ್ನು ನೋಡಬೇಕು ಎಂದಳು. ಇವರು ನನ್ನ ಹತ್ತಿರ ಬಾಯಿ ಬಿಟ್ಟಿರಲಿಲ್ಲ.

ನನಗೆ ಸಿಟ್ಟು ಬಂತು. "ಇಡೀ ಪುಣೆಯಲ್ಲಿ ನಿನಗೆ ಇವರ ಬೆನ್ನೇ ಸಿಕ್ಕಿತೇನಮ್ಮಾ?" ಎಂದು ಕುಟುಕಿದೆ.

ಅವಳು ನಗಲಿಲ್ಲ. ಆಯ್ಕೆಯ ದಿನದ ಸಂಗತಿ ಹೇಳಿದಳು. ಕಾಕಾ ಒಳಗೆ ಬಂದು ರಾಜನ ಮಾತು ಒದರಿದರಂತೆ. ಬೇಡ ಎಂದು ನಿರ್ಧರಿಸಿ, ಚಹಾ ಕುಡಿದು ಹೋಗಿ ಎಂದು ಕಳಿಸಿದಳಂತೆ. ಹೊರಗೆ ಹೋದ ಮೇಲೆ ಅವರಿಗೆ ಒಂದು ಫೋನ್ ಬಂತು. ಕಾಕಾ ಮಂದಿಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ ನಿಂತರು. ಫೋನ್ ಕಿವಿಗೆ ಹಿಡಿದು, ಒಂದೂ ಮಾತಾಡದೆ ಬಹಳ ಹೊತ್ತು ಕೇಳಿದರು. "ಕಿಟಕಿಯಿಂದ ನೋಡುತ್ತಿದ್ದೆ ಕಾಕೂ. ಆ ಬೆನ್ನಿನಿಂದ ಕಣ್ಣು ಕೀಳಲಾಗಲಿಲ್ಲ. ಇನ್ನೊಬ್ಬರನ್ನು ನೋಡಲೇ ಇಲ್ಲ ನಾನು. ಶೂಟಿಂಗಿನಲ್ಲೂ ಅವರಿಗೆ ಒಂದೇ ಮಾತು ಹೇಳಿದೆ, ಆ ಫೋನ್ ನೆನಪು ಮಾಡಿಕೊಳ್ಳಿ ಅಂತ. ಯಾರ ಫೋನ್ ಅಂತ ಎಷ್ಟು ಕೇಳಿದರೂ ಹೇಳಲಿಲ್ಲ."

ಯಾರದ್ದು ಎಂದು ನನಗೆ ಗೊತ್ತಿತ್ತು. ಆ ದಿನ ಮಗಳ ಅತ್ತೆ ಮಾವ ಊಟಕ್ಕೆ ಬರುವವರಿದ್ದರು. ಮೊಸರು ತರಲು ಹೋದ ಮನುಷ್ಯ ಎರಡು ತಾಸಾದರೂ ಬಂದಿರಲಿಲ್ಲ. ಸಿನಿಮಾದವರ ಹತ್ತಿರ ಹೋಗಿದ್ದಾರೆ ಎಂದು ಪಕ್ಕದ ಮನೆಯವರಿಂದ ತಿಳಿಯಿತು. ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದಿದ್ದೆ. "ಈ ಮಾರಿಗೆ, ಈ ಮುಸುಡಿಗೆ ಸಿನಿಮಾ ಒಂದು ಕೇಡು! ಜೀವಮಾನ ಎಲ್ಲಾ ನಟ್ಟು ಬೋಲ್ಟು ಎಣಿಸಿದವರನ್ನ ನೋಡ್ಲಿಕ್ಕೆ ಯಾರು ಬರ್ತಾರ್ರಿ? ನಾ ನೋಡ್ಲಿಕತ್ತೀನಿ ಅಂದ್ರ ನನಗ ಬ್ಯಾರೆ ದಾರಿ ಇಲ್ಲ ಅಂತ ನೋಡ್ಲಿಕತ್ತೀನಿ." ಇದು ನೆನಪಿರುವಷ್ಟು. ಇನ್ನೂ ಇತ್ತು.

ಪುಣೆಯ ಕ್ಯಾಂಪ್ ಭಾಗದ ಒಂದು ಥಿಯೇಟರಿನಲ್ಲಿ ಆ ಸಿನಿಮಾ ಬೆಳಗಿನ ಒಂದೇ ಆಟಕ್ಕೆ ಇನ್ನೂ ಉಳಿದುಕೊಂಡಿತ್ತು. ನಿರ್ದೇಶಕಿ ಫೋನ್ ಮಾಡಿದ್ದಳೆಂದಷ್ಟೇ ಇವರಿಗೆ ತಿಳಿಸಿ, ಮರುದಿನ ಚಾಳೀಸು ಕನ್ನಡಕದ ರಿಪೇರಿಗೆ ಹೋಗುತ್ತೇನೆಂದು ಸುಳ್ಳು ಹೇಳಿ ಒಬ್ಬಳೇ ಹೋದೆ. ಒಳಗೆ ಏಳೆಂಟು ಜನ. ಸಿಳ್ಳೆಯಿಲ್ಲ, ಗೊಣಗಾಟವಿಲ್ಲ.

ಸಿನಿಮಾ ನೋಡುವುದು ನನಗೆ ಬರುವುದಿಲ್ಲ ಎಂದು ಆ ದಿನ ತಿಳಿಯಿತು. ಮೊದಲ ಸಲ ನಾನು ನೋಡಿರಲೇ ಇಲ್ಲ, ಏನಾದರೂ ಆಗಲಿ ಎಂದು ಕಾಯುತ್ತ ಕುಳಿತಿದ್ದೆ. ಈ ಸಲ ಆ ಚೌಕಟ್ಟು ವಾಡೆಯ ಬಾಗಿಲಷ್ಟೇ ಅಗಲವಿದೆ ಎಂಬುದು ಕಣ್ಣಿಗೆ ಬಿತ್ತು. ಹೆಂಗಸರು ಒಳಗಿನಿಂದ ಹೊರಗಿನದನ್ನು ಎಷ್ಟು ನೋಡಬಹುದೋ ಅಷ್ಟೇ ನಮಗೂ ಕಾಣುತ್ತದೆ. ಅಂಗಳದಲ್ಲಿ ದತ್ತುವಿನ ಮೆರವಣಿಗೆ ಹೋಗುವಾಗ ಕಾಣುವುದು ಕಾಲುಗಳು, ಒಂದು ಛತ್ರಿಯ ಅಂಚು, ಆ ನಿಂತ ಕುದುರೆಯ ಬಾಲ. ಬೆಳಕು ಎಂದರೆ ದೀಪದ್ದೇ. ದೀಪ ಹಿಡಿದವರು ಹೋದರೆ ಕೋಣೆ ಕತ್ತಲಾಗುತ್ತದೆ, ನಾವೂ ಕತ್ತಲಲ್ಲಿ ಕೂರಬೇಕು. ರಾಣಿ ಅನ್ನ ಉಣ್ಣುವ ಐದು ನಿಮಿಷದಲ್ಲಿ ಈ ಸಲ ಆಕೆಯ ಗಂಟಲು ನೋಡಿದೆ. ಮೊದಲ ತುತ್ತು ಇಳಿಯಿತು. ಎರಡನೆಯದು ಅಲ್ಲೇ ನಿಂತಿತು. ಆಕೆ ಅಳಲಿಲ್ಲ, ನೀರು ಕುಡಿಯಲಿಲ್ಲ, ಬಡಿಸುವವಳು ನೋಡುತ್ತಿದ್ದಾಳೆಂದು ಮೂರನೆಯ ತುತ್ತು ಕಲಸಿದಳು. ನಮ್ಮ ಅತ್ತೆಯ ಮುಂದೆ ನಾನೂ ಹಾಗೆ ಉಂಡಿದ್ದೇನೆ.

ಆಮೇಲೆ ಆ ಬೆನ್ನು. ಕ್ಯಾಮೆರಾ ನಿಂತದ್ದು ದಿವಾನ ನಿಂತ ಜಾಗದಲ್ಲಿ. ಬೈಯುವವನ ಕಣ್ಣಿಗೆ ಎಷ್ಟು ಕಾಣುತ್ತದೋ ಅಷ್ಟನ್ನೇ ತೋರಿಸುತ್ತಿದ್ದಳು ಆ ಹುಡುಗಿ. ಮೊದಲ ನಿಮಿಷದಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಬಲಗಿವಿ ಕೆಂಪಾಗತೊಡಗಿತು. ಎಡಗೈಯ ಹೆಬ್ಬೆರಳು ತೋರುಬೆರಳಿನ ಉಗುರನ್ನು ತಿಕ್ಕುತ್ತಿತ್ತು. 'ಇಷ್ಟು ವರ್ಷದ ನಿನ್ನ ಅಕ್ಷರ ನೋಡಿದರೆ ನನಗೆ ವಾಕರಿಕೆ' ಎಂದು ದಿವಾನ ಅಂದಾಗ ಭುಜ ಕೂದಲೆಳೆಯಷ್ಟು ತಿರುಗಿತು. ಏನೋ ಹೇಳಬೇಕೆಂದಿದ್ದ. ಹೇಳಲಿಲ್ಲ, ಭುಜ ಮತ್ತೆ ಮೊದಲಿನ ಜಾಗಕ್ಕೆ ಹೋಯಿತು. ಏಳನೆಯ ನಿಮಿಷದಲ್ಲಿ ಉಸಿರು ಎಳೆದ, ಬೆನ್ನು ಮೇಲೆದ್ದಿತು, ಕೆಳಗೆ ಇಳಿಯಲೇ ಇಲ್ಲ. ಎಷ್ಟು ಹೊತ್ತು ಹಿಡಿದನೋ, ನಾನೂ ಹಿಡಿದಿದ್ದೆ. ಕೊನೆಗೆ ದಿವಾನ 'ಹೋಗು' ಎಂದ. ಕಾರಕೂನ ಹೋಗುವ ಮೊದಲು ಕೈ ಚಾಚಿ ದೌತಿಯ ಮುಚ್ಚಳ ಹಾಕಿದ, ಮಸಿ ಒಣಗಬಾರದೆಂದು.

ಎಂಥ ನಟ! ಮೈಕು ಹರಿಯುವಂತೆ ಒದರುತ್ತಿದ್ದ ಮನುಷ್ಯ ಇಷ್ಟೆಲ್ಲವನ್ನೂ ಎಲ್ಲಿ ಇಟ್ಟುಕೊಂಡಿದ್ದರು ಎಂದು ಕೇಳಿಕೊಳ್ಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಆ ಬೆನ್ನನ್ನು ನಾನು ನಮ್ಮ ಅಡುಗೆಮನೆಯಲ್ಲಿ ವರ್ಷಾನುಗಟ್ಟಲೆ ನೋಡಿದ್ದೆ. ನಾನು ಸುರು ಮಾಡಿದೊಡನೆ ಅವರು ಕಟ್ಟೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ಅದನ್ನು ನಾನು ಉದ್ಧಟತನ ಎಂದು ತಿಳಿದು, ಗೋಡೆಯ ಜೋಡಿ ಮಾತಾಡಿದ ಹಾಗಾಯ್ತು ಎಂದು ಇನ್ನಷ್ಟು ಬೈಯುತ್ತಿದ್ದೆ. ಆ ಕೆಂಪು ಕಿವಿ ಎಂದೂ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಮುಂದಿನ ಸೀಟಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಮೂಗು ಒರೆಸಿಕೊಳ್ಳುತ್ತಿದ್ದಳು. ನನ್ನ ಗಂಡನ ಬೆನ್ನಿಗೆ ಅಳಲು ಇವಳ್ಯಾರು ಎಂದು ಸಿಟ್ಟು ಬಂತು. ಅಳು ನನಗೆ ಬರಲಿಲ್ಲ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ: ಹೋದೊಡನೆ ಹೇಳಬೇಕು, ಸೋಮವಾರದೊಳಗೆ ಆ ಹುಡುಗಿಗೆ ಹೂಂ ಅನ್ನಿಸಬೇಕು.

ಅವರು ಅಡುಗೆಮನೆಯ ನೆಲದ ಮೇಲೆ, ಗೋಡೆಗೆ ಒರಗಿ ಹೀರೇಕಾಯಿ ಹೆರೆಯುತ್ತಿದ್ದರು.

"ಚಾಳೀಸು ಆತೇನು?" ಎಂದರು.

"ಚಾಳೀಸಿಗೆ ಹೋಗಿರಲಿಲ್ಲ. ನಿಮ್ಮ ಸಿನಿಮಾ ನೋಡಿ ಬಂದೆ."

ಹೆರೆಯುವ ಕೈ ನಿಂತಿತು. "ಯಾರ ಜೋಡಿ?"

"ಒಬ್ಬಾಕಿನ. ಭಾಳ ಛಲೋ ಮಾಡೀರಿ."

ಅವರು ಮುಖ ಎತ್ತಿದರು. "ಹ್ಞೂ, ಮುಂದ?" ಎಂದರು.

"ಮುಂದೇನು? ಇಷ್ಟ. ಭಾಳ ಛಲೋ ಮಾಡೀರಿ. ಹಂಗ ಯಾರಿಗೂ ಮಾಡ್ಲಿಕ್ಕೆ ಬರೂದಿಲ್ಲ."

ಅವರು ಕತ್ತು ಉದ್ದ ಮಾಡಿ ನನ್ನ ಹಿಂದೆ ಹೊರಗಿನ ಬಾಗಿಲ ಕಡೆ ನೋಡಿದರು. "ಹೊರಗ ಯಾರರ ನಿಂತಾರೇನು?"

"ಯಾರೂ ಇಲ್ರಿ! ಖರೇ ಹೇಳ್ಲಿಕತ್ತೀನಿ."

"ಬೆನ್ನು ಛಲೋ ಇತ್ತು ಅಂತೀ. ಹೌದಲ್ಲ? ಆತು. ನಕ್ಕೆ ನೋಡು," ಎಂದು ನಿಜವಾಗಿಯೂ ನಗಲು ನೋಡಿದರು.

ನನಗೆ ತಡೆಯಲಾಗಲಿಲ್ಲ. ಯಾವ ಮಾತಿಗೆ ಅವರು ಜೀವಮಾನವಿಡೀ ಕೈ ಒಡ್ಡಿದ್ದರೋ ಅದನ್ನೇ ತಂದು ಕೊಟ್ಟರೆ ಬೇಡ ಎನ್ನುತ್ತಿದ್ದಾರಲ್ಲ ಎಂದು ಮೈ ಉರಿಯಿತು. ನನ್ನ ದನಿ ತನ್ನ ದಾರಿ ಹಿಡಿಯಿತು. "ನಿಮಗೇನು ತಲಿ ಕೆಟ್ಟದೇನ್ರಿ? ಬೈದ್ರ ತಿಳಿಯೂದಿಲ್ಲ, ಹೊಗಳಿದ್ರ ತಿಳಿಯೂದಿಲ್ಲ, ಎಂಥ ಕಲ್ಲಿನಂಥ ಮನಶ್ಯಾ ನೀವು! ಏಳ್ರಿ, ಆ ಹುಡುಗಿಗೆ ಫೋನ್ ಹಚ್ರಿ, ಬರ್ತೀನಿ ಅಂತ ಹೇಳ್ರಿ!"

ಗೋಡೆಗೆ ಒರಗಿ ಕುಳಿತಿದ್ದರಿಂದ ಅವರಿಗೆ ತಿರುಗಲು ಜಾಗವಿರಲಿಲ್ಲ. ನಾನು ಬೈಯುವಾಗ ಆ ಮುಖ ಹೇಗಿರುತ್ತದೆಂದು ಮೊದಲ ಸಲ ನೋಡಿದೆ. ಕಣ್ಣು ಅರ್ಧ ಮುಚ್ಚಿ, ತುಟಿ ಒಳಗೆ ಎಳೆದುಕೊಂಡು, ಇದು ಮುಗಿಯಲಿ ಎಂದು ಕಾಯುತ್ತಿದ್ದರು. ಎಪ್ಪತ್ತು ವರ್ಷದ ಮನುಷ್ಯ ಹೆದರಿದ್ದರು.

ನಾನು ಬಾಯಿ ಮುಚ್ಚಿದೆ. ಅವರು ಹೀರೇಕಾಯಿಯನ್ನು ತಾಟಿನಲ್ಲಿ ಇಟ್ಟರು.

"ಆಕೀಗೆ ಮುಂಜಾನೇನ ಹೇಳೀನಿ, ಬರೂದಿಲ್ಲಂತ," ಎಂದರು. "ಇನ್ನೊಮ್ಮೆ ನಿನ್ನ ಬಾಜೂಕ ಕೂತು ನನ್ನ ನಾ ನೋಡೂದು ನನ್ನ ಕಡೆ ಆಗೂದಿಲ್ಲ. ಮಂದಿ ನಕ್ಕಿದ್ದು ನುಂಗಿಕೊಂಡೀನಿ. ಈಗ ಮನ್ಯಾಗ ಸುರು ಮಾಡಬ್ಯಾಡ. ನಿನಗ ಕೈ ಮುಗೀತೀನಿ."

ಹೀರೇಕಾಯಿಯ ಸಿಪ್ಪೆ ಹತ್ತಿದ ಎರಡೂ ಕೈ ಎತ್ತಿ ನಿಜವಾಗಿಯೂ ಮುಗಿದರು.